ಕುಶಾಲನಗರದ ಬೋರ್ಡ್ ಇಲ್ಲದ ಆಟೋ ಎಲೆಕ್ಟ್ರಿಕ್ ಅಂಗಡಿ: ಹೊಸ ಡೈನಮೋ ಹಾಕಿದ ಮೇಲೂ ಬ್ಯಾಟರಿ ಇಳೀತಿದ್ರೆ

ಕುಶಾಲನಗರದಿಂದ ಮಡಿಕೇರಿ ಕಡೆ ಹೊರಟರೆ ರಸ್ತೆ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಮುಂದೆ ಹಳೇ ಬ್ಯಾಟರಿಗಳ ಸಾಲು, ಒಳಗೆ ಗೋಡೆ ತುಂಬ ವೈರು. ಬೋರ್ಡ್ ಇಲ್ಲ. ಬೋರ್ಡ್ ಯಾಕೆ ಹಾಕಿಲ್ಲ ಅಂತ ಕೇಳಿದರೆ, "ಇರೋ ಕೆಲಸಾನೇ ಮುಗೀತಿಲ್ಲ ಅಕ್ಕ" ಅಂತಾರೆ. ಹೆಸರು ಹಾಕಿ ಬರೀಬೇಡಿ ಅಂತಲೂ ಹೇಳಿದ್ದಾರೆ. ಆದ್ದರಿಂದ ಹಾಕಿಲ್ಲ. ಯಾವ ಆಟೋದವರನ್ನು ಕೇಳಿದರೂ ಜಾಗ ತೋರಿಸುತ್ತಾರೆ.

ನಮ್ಮದು ಹಳೇ ಬೊಲೆರೊ. ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ತೋಟ. ಕೆಲಸದವರನ್ನು ಕರೆತರೋದು, ಗೊಬ್ಬರ, ಕಾಫಿ ಮೂಟೆ, ಆಸ್ಪತ್ರೆ, ಮದುವೆ, ಎಲ್ಲಕ್ಕೂ ಅದೇ ಗಾಡಿ. ಮಳೆಗಾಲ ಶುರುವಾಗುವಾಗ ಮೀಟರ್ ಬೋರ್ಡಿನ ಬ್ಯಾಟರಿ ಲೈಟ್ ಉರಿಯೋಕೆ ಶುರುವಾಯಿತು. ಒಂದು ಗ್ಯಾರೇಜಿಗೆ ಕೊಟ್ಟೆವು. ಯಾವ ಊರಿನದು ಅಂತ ಹೇಳೋದು ಬೇಡ. ಡೈನಮೋ (ಎಂಜಿನ್ ಓಡುವಾಗ ಕರೆಂಟ್ ಮಾಡಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್) ಹೋಗಿದೆ ಅಂದರು, ಹೊಸದು ಹಾಕಿದರು, ಕೂಲಿ ಸೇರಿ 9,000 ಚಿಲ್ಲರೆ ಆಯಿತು. ಲೈಟ್ ಆರಿತು.

ಲೈಟ್ ಆರಿತು, ಆದರೆ ಬ್ಯಾಟರಿ ತುಂಬಲಿಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಕಟಕಟ ಸದ್ದು ಮಾತ್ರ. ಲೈನ್ ಮನೆ (ತೋಟದ ಕೆಲಸದವರ ಮನೆಸಾಲು) ಹುಡುಗರು ಬಂದು ತಳ್ಳಬೇಕು. ರಾತ್ರಿ ಇನ್ನೂ ಕಷ್ಟ. ಕುಶಾಲನಗರದಿಂದ ವಾಪಸ್ ಬರೋವಾಗ ಆನೆಕಾಡು ದಾಟಬೇಕು. ಮಳೆ, ವೈಪರ್, ಗ್ಲಾಸಿಗೆ ಆವಿ ಕಟ್ಟದಂತೆ ಬ್ಲೋವರ್, ಜೊತೆಗೆ ಹೈ ಬೀಮ್. ಎಲ್ಲಾ ಒಟ್ಟಿಗೆ ಹಾಕಿದರೆ ಹೆಡ್‌ಲೈಟ್ ಹಳದಿಗೆ ತಿರುಗಿ ಮಂಕಾಗುತ್ತಿತ್ತು. ಅಲ್ಲಿ ರಸ್ತೆ ಮೇಲೆ ಆನೆ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣಲ್ಲ ಮಾರಾಯ್ರೆ.

ಮತ್ತೆ ಅದೇ ಗ್ಯಾರೇಜಿಗೆ ಹೋದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ತೋರಿಸಿದರು. "ನೋಡಿ ಮೇಡಂ, ಗಾಡಿ ನಿಲ್ಲಲಿಲ್ಲ. ಡೈನಮೋ ಸೂಪರ್. ನಿಮ್ಮ ಬ್ಯಾಟರಿ ಹೋಗಿದೆ." ಹೊಸ ಬ್ಯಾಟರಿಯ ರೇಟನ್ನೂ ಹೇಳಿದರು. ಎರಡೂವರೆ ವರ್ಷದ ಬ್ಯಾಟರಿ. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಹಾಲು ಸೊಸೈಟಿಯಲ್ಲಿ ಒಬ್ಬರು ಈ ಶೆಡ್ಡಿನ ವಿಷಯ ಹೇಳಿದರು.

ಇಲ್ಲಿ ಮೊದಲು ಕಣ್ಣಿಗೆ ಬೀಳೋದು, ಸ್ಪ್ಯಾನರ್‌ಗಿಂತ ಮುಂಚೆ ವೋಲ್ಟ್ ಅಳೆಯುವ ಮೀಟರ್ ಕೈಗೆ ಬರುತ್ತದೆ ಅನ್ನೋದು. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಅಳೆದರು. 12.1 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ 12.6ರ ಹತ್ತಿರ ತೋರಿಸಬೇಕಂತೆ. "ಇದು ಹೊಟ್ಟೆಗಿಲ್ಲದೆ ಸುಸ್ತಾಗಿದೆ, ಹಾಳಾಗಿದೆ ಅಂತ ಈಗಲೇ ಹೇಳೋಕಾಗಲ್ಲ" ಅಂತ ಕಳಚಿ ಚಾರ್ಜರ್‌ಗೆ ಹಾಕಿದರು. ಖಾಲಿ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಟೆಸ್ಟ್ ಮಾಡಿದರೆ ಲೆಕ್ಕ ಸರಿ ಬರಲ್ಲ. ಖಾಲಿ ಬ್ಯಾಟರಿ ತುಂಬಿಸುವ ಕೆಲಸ ಹೊಸ ಡೈನಮೋಗೆ ಕೊಟ್ಟರೆ ಅದೂ ಬಿಸಿಯಾಗಿ ಹಾಳಾಗಬಹುದಂತೆ. ನಾನು ಪೇಟೆ ಕೆಲಸ ಮುಗಿಸಿ ಮಧ್ಯಾಹ್ನ ಬಂದೆ. ಆಮೇಲೆ ಬ್ಯಾಟರಿ ಮೇಲೆ ಭಾರ ಹಾಕಿ ನೋಡುವ, ಹಿಡಿಕೆ ಇರುವ ಲೋಡ್ ಟೆಸ್ಟರ್ ಹಚ್ಚಿದರು. ಒಳಗಿನ ಕಾಯಿಲ್ ಕೆಂಪಗಾಯಿತು. ಮುಳ್ಳು 10ರ ಮೇಲೇ ನಿಂತಿತು. 15 ಸೆಕೆಂಡ್ ಹಿಡಿದರೂ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿಗೆ ಜೀವ ಇದೆ ಅಂತ ಅರ್ಥ. ಹೊಸ ಬ್ಯಾಟರಿಯ ದುಡ್ಡು ಅಲ್ಲೇ ಉಳಿಯಿತು.

ಟರ್ಮಿನಲ್ ಕಿತ್ತ ಕಥೆ ಹೇಳಿದೆ. ಅಷ್ಟು ಹೊತ್ತು ಹೆಚ್ಚು ಮಾತಾಡದಿದ್ದವರಿಗೆ ಸಿಟ್ಟು ಬಂತು. ಓಡುವ ಎಂಜಿನ್‌ನಲ್ಲಿ ಬ್ಯಾಟರಿ ಬಿಚ್ಚಿದರೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತೆ, ಡೈನಮೋ ಒಳಗಿನ ಡಯೋಡೋ ರೆಗ್ಯುಲೇಟರೋ ಸುಟ್ಟರೆ ಯಾರು ಕೊಡ್ತಾರೆ ಅಂತ ಬೈದರು. ನನಗಲ್ಲ, ಅಲ್ಲಿಲ್ಲದ ಆ ಮೆಕ್ಯಾನಿಕ್‌ಗೆ. ಅದರಿಂದ ಗೊತ್ತಾಗೋದೂ ಏನಿಲ್ಲ ಅಂದರು. ಡೈನಮೋಗೆ ಏನೂ ಭಾರ ಇಲ್ಲದಾಗ ಎಲ್ಲಾ ಸರಿಯಾಗಿಯೇ ಕಾಣುತ್ತೆ.

ಅದು ನಿಜ ಅಂತ ಆಮೇಲೆ ನನ್ನ ಕಣ್ಣೆದುರೇ ಗೊತ್ತಾಯಿತು. ಎಂಜಿನ್ ಸ್ಟಾರ್ಟ್ ಮಾಡಿ, ಏನೂ ಹಾಕದೆ ಬ್ಯಾಟರಿ ಮೇಲೆ ಅಳೆದರು: 13.9. ಎಲ್ಲರೂ ಹೇಳುವ 13.8ರಿಂದ 14.4ರ ಒಳಗೇ ಇದೆ. ಇಷ್ಟಕ್ಕೇ ನಿಲ್ಲಿಸಿದರೆ ಗಾಡಿ ಪಾಸ್. ಅವರು ನಿಲ್ಲಿಸಲಿಲ್ಲ. ನನ್ನನ್ನು ಸ್ಟೇರಿಂಗ್‌ನಲ್ಲಿ ಕೂರಿಸಿ, "ಹೈ ಬೀಮ್ ಹಾಕಿ ಅಕ್ಕ, ಬ್ಲೋವರ್ ಫುಲ್ ಇಡಿ, ವೈಪರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಒತ್ತಿ ಹಿಡಿದುಕೊಳ್ಳಿ" ಅಂದರು. ಹೆಡ್‌ಲೈಟಿನ ಎರಡು 60 ವಾಟ್ ಬಲ್ಬೇ 10 ಆಂಪಿಯರ್ ಎಳೆಯುತ್ತವೆ. ಮೀಟರ್ 12.5ಕ್ಕೆ ಇಳಿಯಿತು. ಅಂದರೆ ಬ್ಯಾಟರಿ ತುಂಬುತ್ತಿಲ್ಲ, ಸುಮ್ನೆ ಖಾಲಿಯಾಗುತ್ತಿದೆ. ಆನೆಕಾಡಿನಲ್ಲಿ ಆಗುತ್ತಿದ್ದದ್ದೂ ಇದೇ.

ಈಗ ಮೀಟರಿನ ಒಂದು ಕಡ್ಡಿ ಡೈನಮೋದ ಹಿಂದಿನ, ಕರೆಂಟ್ ಹೊರಡುವ ದಪ್ಪ ಬೋಲ್ಟ್‌ಗೆ, ಇನ್ನೊಂದು ಡೈನಮೋದ ಮೈಗೆ. ಅಲ್ಲಿ 14.3! "ಡೈನಮೋ ತಪ್ಪಿಲ್ಲ" ಅಂದರು. "ನಿಮ್ಮ ತೋಟದ ಸ್ಪ್ರಿಂಕ್ಲರ್ ಥರ. ಮೋಟರ್ ಹತ್ತಿರ ಪ್ರೆಶರ್ ಇದೆ, ತುದೀ ಜೆಟ್‌ಗೆ ಬರ್ತಿಲ್ಲ." 14.3 ಹೊರಟು 12.5 ತಲುಪುತ್ತಿದೆ. ನಡುವೆ 1.8 ವೋಲ್ಟ್ ಎಲ್ಲಿ ಹೋಯಿತು?

ಹುಡುಕಿದ ರೀತಿ ನೋಡಿ. ಲೈಟ್, ಬ್ಲೋವರ್ ಎಲ್ಲಾ ಹಾಗೇ ಉರಿಯುತ್ತಿರಬೇಕು. ಒಂದು ಕಡ್ಡಿ ಡೈನಮೋದ ದಪ್ಪ ಬೋಲ್ಟ್ ಮೇಲೆ, ಇನ್ನೊಂದು ಬ್ಯಾಟರಿಯ ಪ್ಲಸ್ ಮೇಲೆ. ವೈರ್ ಚೆನ್ನಾಗಿದ್ದರೆ ಹೆಚ್ಚೂ ಕಡಿಮೆ ಸೊನ್ನೆ ಬರಬೇಕು. 0.3 ಬಂತು. ಸ್ವಲ್ಪ ಜಾಸ್ತಿ, ನಟ್ ಸಡಿಲ ಇತ್ತು. ಆಮೇಲೆ ಡೈನಮೋ ಮೈಯಿಂದ ಬ್ಯಾಟರಿಯ ಮೈನಸ್‌ಗೆ. 1.5. ನನ್ನ ಕಡೆ ತಿರುಗಿಸಿ ತೋರಿಸಿದರು, ಏನೂ ಹೇಳಲಿಲ್ಲ. ಕಡ್ಡಿಯನ್ನು ಡೈನಮೋದಿಂದ ತೆಗೆದು ಎಂಜಿನ್ ಬ್ಲಾಕ್ ಮೇಲೆ ಇಟ್ಟರು. 0.1. ಅಂದರೆ ಎಂಜಿನ್‌ನಿಂದ ಬ್ಯಾಟರಿವರೆಗೆ ಅರ್ತ್ (ಮೈನಸ್ ಕಡೆಯ ಕರೆಂಟಿನ ದಾರಿ) ಸರಿ ಇದೆ. ಡೈನಮೋಗೂ ಎಂಜಿನ್‌ಗೂ ನಡುವೆ, ಒಂದು ಗೇಣು ಜಾಗದಲ್ಲಿ, ಎಲ್ಲಾ ಕಳೆದುಹೋಗುತ್ತಿದೆ.

ಟಾರ್ಚ್ ಹಿಡಿದು ಬಗ್ಗಿದಾಗ ನನಗೂ ಕಂಡಿತು. ಡೈನಮೋ ಕೂರುವ ಬ್ರಾಕೆಟ್‌ಗೆ ಮಿರಮಿರ ಮಿಂಚುವ ಕಪ್ಪು ಎನಾಮಲ್ ಪೇಂಟ್. ಹೊಸದು ಹಾಕುವಾಗ ಚೆಂದ ಕಾಣಲಿ ಅಂತ ಗ್ಯಾರೇಜಿನವರು ಬಳಿದದ್ದು. ಬೋಲ್ಟ್ ಕೂರುವ ಜಾಗಕ್ಕೂ ಬಳಿದಿದ್ದರು. ಪೇಂಟ್ ಮೇಲೆ ಕರೆಂಟ್ ಹೇಗೆ ಹೋಗಬೇಕು? ಅದರ ಪಕ್ಕದಲ್ಲೇ ಇನ್ನೊಂದು ತಮಾಷೆ. ಹಳೇ ಡೈನಮೋ ಮೈಗೆ ಬೇರೆಯಾಗಿ ಒಂದು ಅರ್ತ್ ವೈರ್ ಇತ್ತು. ಅದರ ತುದಿಗೆ ಕಪ್ಪು ಟೇಪ್ ಸುತ್ತಿ, ಹೋಸ್ ಪೈಪಿಗೆ ನೀಟಾಗಿ ಕಟ್ಟಿಟ್ಟಿದ್ದರು. ಟೇಪ್ ಬಿಚ್ಚಿದಾಗ ಒಳಗಿನ ತಾಮ್ರ ಪಾಚಿ ಹಿಡಿದ ಹಾಗೆ ಹಸಿರಾಗಿತ್ತು. ನಮ್ಮ ಕಡೆ ಮಳೆಗೆ ಯಾವ ತಾಮ್ರ ತಾನೇ ಉಳಿಯುತ್ತೆ. ಕುಶಾಲನಗರದ ಗಾಡಿಗಳಲ್ಲಿ ಇಷ್ಟು ಹಸಿರು ಕಾಣಲ್ಲ, ಮಡಿಕೇರಿ, ನಾಪೋಕ್ಲು ಕಡೆಯವು ಬಂದರೆ ಮೊದಲು ಅರ್ತ್‌ಗೇ ಕೈ ಹಾಕ್ತೀನಿ ಅಂದರು.

ಮೀಟರ್ ಬೋರ್ಡಿನ ಲೈಟ್ ಯಾಕೆ ಉರಿಯಲಿಲ್ಲ ಅಂತ ಕೇಳಿದೆ. ಡೈನಮೋ ಕೆಲಸ ಮಾಡ್ತಾ ಇದ್ದರೆ ಆ ಬಲ್ಬಿನ ಎರಡೂ ಕಡೆ ಸುಮಾರು ಒಂದೇ ವೋಲ್ಟೇಜ್ ಇರುತ್ತೆ, ಅದಕ್ಕೇ ಆರುತ್ತೆ. ಬ್ಯಾಟರಿಗೆ ಬೇಕಾದಷ್ಟು ಬಂತಾ ಇಲ್ವಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಲೈಟ್ ಆರಿದೆ ಅಂತ ನಂಬಿ ಕೂತವರು ನಾವೊಬ್ಬರೇ ಅಲ್ಲ ಬಿಡಿ.

ರಿಪೇರಿ ಬೇಗ ಮುಗಿಯಿತು. ಎಮರಿ ಪೇಪರ್‌ನಲ್ಲಿ ಬ್ರಾಕೆಟ್ ಉಜ್ಜಿ ಬಿಳಿ ಕಬ್ಬಿಣ ಕಾಣೋ ಹಾಗೆ ಮಾಡಿದರು. ಸ್ಟಾರ್ ವಾಷರ್ ಹಾಕಿ ಬಿಗಿದರು. ಹಸಿರು ವೈರ್ ಬಿಸಾಡಿ ದಪ್ಪ ಕೇಬಲ್‌ಗೆ ಹೊಸ ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಒತ್ತಿ ಹಾಕಿದರು. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಸ್ವಲ್ಪ ಟೈಟ್ ಮಾಡಿದರು. ಮತ್ತೆ ಎಲ್ಲಾ ಲೈಟ್ ಹಾಕಿ ಅಳೆದರೆ ಬ್ಯಾಟರಿ ಮೇಲೆ 14.1.

ಇಷ್ಟಕ್ಕೇ ಕಳಿಸಿದ್ದರೂ ನಾನು ಖುಷಿಯಾಗಿ ಬರುತ್ತಿದ್ದೆ. ಅವರು ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಡೈನಮೋದ ಡಯೋಡ್ ನೋಡಿದರು, ಎಸಿ ಕರೆಂಟನ್ನು ಡಿಸಿ ಮಾಡೋದು ಅದೇ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅನುಮಾನ, ನಮ್ಮದು 0.1ಕ್ಕಿಂತ ಕಡಿಮೆ ಇತ್ತು. ಗಾಡಿ ಆಫ್ ಮಾಡಿ, ನಿಂತಲ್ಲೇ ಏನಾದರೂ ಕರೆಂಟ್ ಎಳೀತಿದೆಯಾ ಅಂತಲೂ ನೋಡಿದರು. 50 ಮಿಲಿ ಆಂಪಿಯರ್ ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆಮೇಲೆ ಬ್ರೇಕ್ ಒತ್ತಿ ನೋಡಲು ಹೇಳಿದರು. ಬ್ರೇಕಿಗೂ ಇದಕ್ಕೂ ಏನು ಸಂಬಂಧ ಅಲ್ವಾ? ನಮ್ಮ ಬೊಲೆರೊದಲ್ಲಿ ಡೈನಮೋದ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇದೆ, ಬ್ರೇಕ್ ಬೂಸ್ಟರ್‌ಗೆ ಬಲ ಬರೋದು ಅಲ್ಲಿಂದ. ಡೈನಮೋ ಬದಲಾಯಿಸಿದವರು ಆ ಹೋಸ್ ಸರಿಯಾಗಿ ಕೂರಿಸದಿದ್ದರೆ ಬ್ರೇಕ್ ಕಲ್ಲಿನ ಹಾಗಾಗುತ್ತೆ. ಅದಕ್ಕೆ ಹೋಗುವ ಆಯಿಲ್ ಪೈಪ್ ಸೋರುತ್ತಿದೆಯಾ ಅಂತ ವೇಸ್ಟ್ ಬಟ್ಟೆ ಹಚ್ಚಿ ನೋಡಿದರು. ಸೋರುತ್ತಿರಲಿಲ್ಲ. ಘಾಟಿ ರಸ್ತೆಯಲ್ಲಿ ಓಡುವ ಗಾಡಿಗೆ ಇದು ಚಾರ್ಜಿಂಗ್‌ಗಿಂತ ದೊಡ್ಡ ವಿಷಯ. ಯಾವ ಗ್ಯಾರೇಜಿನವರೂ ನನಗೆ ಇದನ್ನು ಹೇಳಿರಲಿಲ್ಲ.

ಹಾಗಾದ್ರೆ ನಮ್ಮ ಹಳೇ ಡೈನಮೋ ನಿಜವಾಗ್ಲೂ ಹೋಗಿತ್ತಾ ಅಂತ ಕೇಳಿದೆ. "ನೋಡದೆ ಹೇಳಲ್ಲ ಅಕ್ಕ. ಬ್ರಷ್ ಸವೆದಿದ್ರೂ ಇರಬಹುದು." ಹಳೇದನ್ನು ಆ ಗ್ಯಾರೇಜಿನವರೇ ಇಟ್ಟುಕೊಂಡಿದ್ದಾರೆ. ಅಲ್ಲಿಗೆ ಆ ಮಾತು ಮುಗಿಯಿತು. ಬೇರೆಯವರ ಬಗ್ಗೆ ಊಹೆ ಮಾಡಿ ಮಾತಾಡದ ಈ ಗುಣ ನನಗೆ ಹಿಡಿಸಿತು.

ಒಟ್ಟು 850 ರೂಪಾಯಿ. ಅದರಲ್ಲಿ ಕೇಬಲ್, ಲಗ್‌ಗೆ ಇನ್ನೂರರ ಹತ್ತಿರ, ಉಳಿದದ್ದು ಹುಡುಕಿದ್ದಕ್ಕೆ. ಪಾರ್ಟ್ ಹಾಕದೆ ಇಷ್ಟು ತಗೊಳ್ತಾರಾ ಅಂತ ನಮ್ಮ ಮನೆಯವರು ಗೊಣಗಿದರು. ನನ್ನ ಪ್ರಕಾರ ಇದು ಕಡಿಮೆಯೇ. ಸುಮ್ನೆ ಬ್ಯಾಟರಿ ಬದಲಾಯಿಸಿದ್ದರೆ ಆ ಹೊಸ ಬ್ಯಾಟರಿಯೂ ಹೀಗೇ ಹಸಿದು ಸಾಯುತ್ತಿತ್ತು.

ದೂರುಗಳೂ ಇವೆ. ಬಿಲ್ ಕೊಡಲ್ಲ. ಡೈನಮೋ ವಾರಂಟಿ ವಿಷಯಕ್ಕೆ ಒಂದು ಚೀಟಿ ಕೇಳಿದ್ದಕ್ಕೆ, ಯಾವುದೋ ಬ್ಯಾಟರಿ ಡಬ್ಬದ ರಟ್ಟಿನ ಮೇಲೆ ಅಳತೆಗಳನ್ನು ಬರೆದುಕೊಟ್ಟರು. ಫೋನ್ ಎತ್ತಲ್ಲ. ಕೂರೋಕೆ ಹಳೇ ಜೀಪಿನ ಸೀಟು ಒಂದೇ, ಅದರ ಮೇಲೆ ಬೆಕ್ಕು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಸಂತೆ ದಿನ ಹೋಗಲೇಬೇಡಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತಾರೆ.

ಹೊಸ ಮಾಡೆಲ್ ಕಾರಿನವರು ಇಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಬ್ಯಾಟರಿಯ ಮೈನಸ್ ಮೇಲೆ ಸೆನ್ಸರ್ ಇದ್ದು, ಡೈನಮೋ ಎಷ್ಟು ಕೊಡಬೇಕು ಅಂತ ಕಂಪ್ಯೂಟರೇ ನಿರ್ಧರಿಸುವ ಗಾಡಿಗಳಲ್ಲಿ ಬೇಕಂತಲೇ ಒಮ್ಮೆ 13ಕ್ಕಿಂತ ಕೆಳಗೆ, ಒಮ್ಮೆ 14ರ ಮೇಲೆ ಓಡುತ್ತಂತೆ. ಅಂಥವಕ್ಕೆ ಸ್ಕ್ಯಾನರ್ ಬೇಕು, ಅವರ ಹತ್ತಿರ ಇಲ್ಲ. ನಾನಿದ್ದಾಗಲೇ ಬಂದ ಒಂದು ಕಾರನ್ನು ಬಾನೆಟ್ ಎತ್ತಿ ನೋಡಿ, ಕಂಪನಿ ಸರ್ವಿಸ್‌ಗೆ ಹೋಗಿ ಅಂತ ದುಡ್ಡು ತಗೊಳ್ಳದೆ ಕಳಿಸಿದರು.

ಜೀಪು, ಬೊಲೆರೊ, ಓಮ್ನಿ, ಪಿಕಪ್ ಇರುವವರಿಗೆ ನಾನು 5ಕ್ಕೆ 4 ಕೊಡುತ್ತೇನೆ. ಒಂದು ಕಳೆದದ್ದು ಬಿಲ್‌ಗೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಚಾರ್ಜರ್‌ನಲ್ಲಿ ಜಾಗ ಎರಡೇ, ಆಟೋದವರು ನಿಮಗಿಂತ ಮೊದಲೇ ಬಂದಿರುತ್ತಾರೆ.