ಹಲ್ಲು ಬೆಳ್ಳಗೆ ಮಾಡಿಸಲು ಪಾರ್ಲರ್‌ಗೆ ಹೋಗುವ ಮೊದಲು ಇದನ್ನು ಓದಿ

ಮದುವೆ ಸೀಸನ್ ಶುರುವಾಗಿದೆ. ಫೇಶಿಯಲ್, ಮೆಹಂದಿ ಜೊತೆಗೆ ‘ಟೀತ್ ವೈಟನಿಂಗ್’ ಅಂತ ಇನ್ನೊಂದು ಸಾಲು ಎಷ್ಟೋ ಬ್ಯೂಟಿ ಪಾರ್ಲರ್‌ಗಳ ಬೋರ್ಡಿನಲ್ಲಿ ಸೇರಿಕೊಂಡಿದೆ. ದಯವಿಟ್ಟು ಅಲ್ಲಿ ಹೋಗಿ ಬಾಯಿ ತೆರೆದು ಕೂರಬೇಡಿ. ಅದರಲ್ಲೂ ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೋಲಾರದ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಾದರೆ ಖಂಡಿತ ಬೇಡ. ನನ್ನ ತಂಗಿಗೆ ಏನಾಯಿತು ಅಂತ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಬರಿ, ಇನ್ನೊಬ್ಬರಿಗಾದರೂ ತಪ್ಪಲಿ ಅಂದಳು.

ನಮ್ಮದು ಪಾವಗಡ ತಾಲೂಕಿನ ಹಳ್ಳಿ. ತಂಗಿಯ ಮೇಲಿನ ಎರಡು ಮುಂಬಲ್ಲಿನ ಮೇಲೆ ಅಡ್ಡಕ್ಕೆ ಕಂದು ಗೆರೆ ಇದೆ, ಉಳಿದ ಹಲ್ಲುಗಳ ಮೇಲೆ ಅಲ್ಲಲ್ಲಿ ಸುಣ್ಣದ ಬಿಳುಪಿನ ಮಚ್ಚೆ. ಹಲ್ಲು ಗಟ್ಟಿಯಾಗೇ ಇವೆ, ಒಂದೂ ಹುಳುಕಿಲ್ಲ. ಆದರೂ ಕಾಲೇಜಿನಿಂದ ಹಿಡಿದು ಬೆಂಗಳೂರಿನ ಆಫೀಸಿನವರೆಗೆ, ಸರಿಯಾಗಿ ಹಲ್ಲು ಉಜ್ಜಲ್ವಾ ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಗ್ರೂಪ್ ಫೋಟೋದಲ್ಲಿ ಅವಳು ತುಟಿ ಬಿಚ್ಚಿ ನಕ್ಕದ್ದನ್ನು ನಾನು ನೋಡಿಲ್ಲ. ನಿಶ್ಚಿತಾರ್ಥ ಗೊತ್ತಾದಾಗ ಮನೆ ಹತ್ತಿರದ ಪಾರ್ಲರ್‌ನವರು, ಒಂದೇ ಸಿಟ್ಟಿಂಗ್‌ನಲ್ಲಿ ಎಂಥ ಕಲೆಯಾದರೂ ಹೋಗುತ್ತದೆ, ಡೆಂಟಿಸ್ಟ್ ಹತ್ತಿರ ಇದರ ನಾಲ್ಕರಷ್ಟು ದುಡ್ಡು ಅಂತ ನಂಬಿಸಿದರು.

ಅಲ್ಲಿ ಕೂರಿಸಿ ಮೊದಲು ಮಾಡಿದ್ದು ಫೋಟೋ. ಬಣ್ಣ ಬಣ್ಣದ ಪ್ಲಾಸ್ಟಿಕ್ ಹಲ್ಲುಗಳ ಪಟ್ಟಿಯೊಂದನ್ನು ಬಾಯಿಯ ಪಕ್ಕ ಹಿಡಿದು ‘ಬಿಫೋರ್’ ಅಂತ ತೆಗೆದರು. ಆಮೇಲೆ ತುಟಿ ಎಳೆದು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಹಾಕಿ, ಸಿರಿಂಜಿನಿಂದ ಜೆಲ್ ಹಚ್ಚಿ, ಮುಖದ ಮುಂದೆ ನೀಲಿ ಲೈಟ್ ಇಟ್ಟರು. ನಿಮ್ಮ ಹಲ್ಲಿಗೆ ಈ ಕಲೆ ಯಾಕೆ ಬಂತು ಅಂತ ಒಂದು ಪ್ರಶ್ನೆ ಕೇಳಲಿಲ್ಲ. ವಸಡಿಗೆ ಜೆಲ್ ತಾಗದ ಹಾಗೆ ಏನೂ ಅಡ್ಡ ಹಚ್ಚಲಿಲ್ಲ. ಉರಿಯುತ್ತಿದೆ ಅಂತ ಕೈ ಸನ್ನೆ ಮಾಡಿದರೆ, ಸ್ವಲ್ಪ ತಡ್ಕೊಳ್ಳಿ ಮೇಡಂ, ಕೆಲಸ ಮಾಡ್ತಿದೆ ಅಂತ ಅರ್ಥ ಅಂದರಂತೆ! ಕ್ಲಿಪ್ ತೆಗೆದಾಗ ವಸಡಿನ ಅಂಚು ಉದ್ದಕ್ಕೂ ಬೆಳ್ಳಗೆ ಸುಟ್ಟಿತ್ತು. ಅಂಥ ಹೊತ್ತಿನಲ್ಲೂ ಅವರು ‘ಆಫ್ಟರ್’ ಫೋಟೋ ತೆಗೆಯುವುದನ್ನು ಮರೆಯಲಿಲ್ಲ.

ಆ ರಾತ್ರಿ ಫ್ಯಾನ್ ಗಾಳಿ ತಾಗಿದರೂ ಹಲ್ಲು ಜುಂ ಅನ್ನುತ್ತಿತ್ತು. ನೀರು ಕುಡಿಯಲು ಆಗಲಿಲ್ಲ, ಉಪ್ಪು ಖಾರದ ಮಾತೇ ಇಲ್ಲ, ಅನ್ನಕ್ಕೆ ಆರಿದ ಹಾಲು ಕಲಸಿ ಒಂದೊಂದೇ ತುತ್ತು ಒಂದು ಪಕ್ಕಕ್ಕೆ ಇಟ್ಟುಕೊಂಡು ನುಂಗಿದಳು. ಬೆಳಿಗ್ಗೆ ಕನ್ನಡಿ ನೋಡಿದರೆ ಕಂದು ಗೆರೆ ಹೋಗಿಲ್ಲ, ಒಂಚೂರು ತಿಳಿಯಾಗಿದೆ ಅಷ್ಟೇ. ಬಿಳಿ ಮಚ್ಚೆಗಳು ಮಾತ್ರ ಮೊದಲಿಗಿಂತ ಎದ್ದು ಕಾಣುತ್ತಿದ್ದವು.

ನಂತರ ನೋಡಿದ ದಂತ ವೈದ್ಯರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಇದು ಫ್ಲೋರೋಸಿಸ್. ನಮ್ಮ ಕಡೆ ತೆರೆದ ಬಾವಿಗಳು ಬತ್ತಿದ ಮೇಲೆ ಬೋರ್ ಕೊರೆಯುತ್ತಾ ಆಳಕ್ಕೆ ಹೋದೆವಲ್ಲ, ಆ ಗಟ್ಟಿ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಗು ಕುಡಿದರೆ, ವಸಡಿನೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ಕೆಡುತ್ತದೆ. ಇದೆಲ್ಲ ಆಗುವುದು ಸುಮಾರು ಎಂಟು ವರ್ಷದೊಳಗೆ. ಹಲ್ಲು ಹೊರಗೆ ಬರುವಾಗಲೇ ಮಚ್ಚೆ ಇರುತ್ತದೆ, ಬಂದ ಮೇಲೆ ಅದು ಕಂದಾಗುತ್ತದೆ. ಬಟ್ಟೆಗೆ ಮೆತ್ತಿದ ಕೊಳೆಯಲ್ಲ ಇದು, ನೂಲಿಗೇ ಹಿಡಿದ ಬಣ್ಣ. ಬಾವಿ ನೀರು ಕುಡಿದು ಬೆಳೆದ ನಮ್ಮಜ್ಜಿಯ ಹಲ್ಲು ಕೊನೆಯವರೆಗೂ ಬೆಳ್ಳಗಿತ್ತು, ಎಲೆ ಅಡಿಕೆ ಹಾಕುತ್ತಿದ್ದರೂ ಉಜ್ಜಿದರೆ ಬಿಡುತ್ತಿತ್ತು. ಅದೇ ಮನೆಯಲ್ಲಿ ಬೋರ್ ನೀರು ಕುಡಿದ ನಮ್ಮ ಹಲ್ಲು ಹೀಗೆ. ಸರಿಯಾಗಿ ಉಜ್ಜಲ್ವಾ ಅಂತ ನಮ್ಮನ್ನು ಕೇಳುವವರು ಇದನ್ನು ತಿಳಿದುಕೊಳ್ಳಬೇಕು.

ಇನ್ನು ಆ ಜೆಲ್. ಅದರಲ್ಲಿರುವುದು ಪೆರಾಕ್ಸೈಡ್, ಬಣ್ಣ ತಿಳಿಯಾಗಿಸುವ ರಾಸಾಯನಿಕ. ಕ್ಲಿನಿಕ್‌ನಲ್ಲೂ ಅದನ್ನು ಬಳಸುತ್ತಾರೆ, ಆದರೆ ಎಷ್ಟು ಸ್ಟ್ರಾಂಗ್ ಅಂತ ಗೊತ್ತಿದ್ದು, ಮೊದಲು ವಸಡಿಗೆ ಗಟ್ಟಿಯಾಗುವ ಪದರ ಹಚ್ಚಿ, ಹುಳುಕು ಬಿರುಕು ನೋಡಿಕೊಂಡು ಬಳಸುತ್ತಾರೆ. ಕೆಲಸ ಮಾಡುವುದು ಜೆಲ್, ನೀಲಿ ಲೈಟ್ ಅಲ್ಲ. ಯುರೋಪಿನ ದೇಶಗಳಲ್ಲಿ 0.1ರಿಂದ 6 ಶೇಕಡಾವರೆಗಿನ ಪೆರಾಕ್ಸೈಡ್ ಇರುವ ವೈಟನಿಂಗ್ ಸಾಮಾನನ್ನು ಡೆಂಟಿಸ್ಟ್‌ಗಳಿಗೆ ಮಾತ್ರ ಮಾರಬೇಕು. ಅಷ್ಟಕ್ಕೇ ಅಷ್ಟು ಕಟ್ಟುನಿಟ್ಟು. ನಮ್ಮ ಪಾರ್ಲರ್‌ನವರ ಸಿರಿಂಜಿನ ಮೇಲೆ ಲೇಬಲ್ಲೇ ಇರಲಿಲ್ಲ.

ಫೋಟೋ ವಿಷಯ ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಬಾಯಿ ಅಷ್ಟು ಹೊತ್ತು ತೆರೆದೇ ಇದ್ದರೆ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ಯಾರದ್ದಾದರೂ ಬೆಳ್ಳಗೆ ಕಾಣುತ್ತದೆ. ಎಂಜಲು ತಾಗಿ ಮತ್ತೆ ನೆನೆದ ಮೇಲೆ ಒಂದೆರಡು ದಿನದಲ್ಲಿ ಆ ಬಿಳುಪಿನಲ್ಲಿ ಎಷ್ಟೋ ಪಾಲು ಇಳಿದುಹೋಗುತ್ತದೆ. ಹಾಗಾಗಿ ಎದ್ದ ತಕ್ಷಣ ತೆಗೆದ ‘ಆಫ್ಟರ್’ ಫೋಟೋ ನೋಡಿ ಯಾರೂ ದುಡ್ಡು ಕೊಡಬೇಡಿ.

ಎಲ್ಲ ಬಣ್ಣವೂ ಒಂದೇ ಅಲ್ಲ ಅನ್ನುವುದು ಮುಖ್ಯ. ಕಾಫಿ, ಟೀ, ಎಲೆ ಅಡಿಕೆ, ತಂಬಾಕು, ಕೆಲವು ಕಬ್ಬಿಣದ ಸಿರಪ್, ವಾರಗಟ್ಟಲೆ ಬಳಸಿದ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್, ಇವುಗಳ ಕಲೆ ಹಲ್ಲಿನ ಮೇಲ್ಗಡೆ ಮಾತ್ರ, ಕ್ಲೀನಿಂಗ್ ಮಾಡಿಸಿದರೆ ಹೆಚ್ಚಿನದು ಹೋಗುತ್ತದೆ. ಒಂದೇ ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಹಿಂದೆ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು. ಅದಕ್ಕೆ ಎಕ್ಸ್‌ರೇ ಬೇಕು, ಬ್ಲೀಚ್ ಅಲ್ಲ. ಚಿಕ್ಕವರಿದ್ದಾಗ ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ತಿಂದವರ ಹಲ್ಲಿನ ಬಣ್ಣವೂ ಒಳಗಿನದೇ. ಕ್ಯಾಪ್, ಫಿಲ್ಲಿಂಗ್ ಇದ್ದರೆ ಅವು ಬ್ಲೀಚಿಗೆ ಬೆಳ್ಳಗಾಗುವುದಿಲ್ಲ, ಪಕ್ಕದ ಹಲ್ಲು ಮಾತ್ರ ಬದಲಾಗಿ ಇನ್ನಷ್ಟು ಬೇರೆಯಾಗಿ ಕಾಣುತ್ತದೆ.

ಮನೆಮದ್ದು ಅಂತ ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ತಿಕ್ಕುವುದು, ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಇವನ್ನೂ ಬಿಟ್ಟುಬಿಡಿ. ಎನಾಮೆಲ್ ಒಂದು ಸಲ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಪದರದ ಬಣ್ಣವೇ ಹಳದಿ. ತಿಕ್ಕಿ ತಿಕ್ಕಿ ತೆಳುವಾದಷ್ಟೂ ಹಲ್ಲು ಜಾಸ್ತಿ ಹಳದಿ ಕಾಣುತ್ತದೆ.

ಈಗ ತಂಗಿ ಹೇಗಿದ್ದಾಳೆ ಅಂದರೆ, ವಸಡು ಮಾಯಿತು. ಹಲ್ಲು ಜುಂ ಅನ್ನುವುದಕ್ಕೆ ಡಾಕ್ಟರ್ ಫ್ಲೋರೈಡ್ ವಾರ್ನಿಷ್ ಹಚ್ಚಿದರು. ಫ್ಲೋರೈಡಾ, ಅದರಿಂದಲೇ ಅಲ್ವಾ ಇಷ್ಟೆಲ್ಲ ಆಗಿದ್ದು ಅಂತ ಅವಳು ಗಾಬರಿಯಾದಳು. ಚಿಕ್ಕಂದಿನಲ್ಲಿ ದಿನಾ ಹೊಟ್ಟೆಗೆ ಹೋದದ್ದು ಬೇರೆ, ಬೆಳೆದ ಹಲ್ಲಿನ ಮೇಲೆ ಹಚ್ಚುವುದು ಬೇರೆ ಅಂತ ಅವರು ಸಮಾಧಾನವಾಗಿ ವಿವರಿಸಿದರು. ಕಂದು ಗೆರೆಗೆ ಮೈಕ್ರೋಅಬ್ರೇಶನ್ ಅಂತ ಇದೆ, ಆಸಿಡ್ ಇರುವ ಪೇಸ್ಟಿನಿಂದ ಮೇಲಿನ ಕೂದಲೆಳೆಯಷ್ಟು ಪದರ ತೆಗೆಯುತ್ತಾರೆ, ಆಳದ ಕಲೆ ಉಳಿದರೆ ಅಲ್ಲಿಗಷ್ಟೇ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್. ಬ್ಲೀಚ್ ಆದ ಹಲ್ಲಿಗೆ ಅದು ತಕ್ಷಣ ಸರಿಯಾಗಿ ಅಂಟುವುದಿಲ್ಲ, ಎರಡು ವಾರವಾದರೂ ಕಾಯಬೇಕು. ಪಾರ್ಲರ್‌ನವರ ಕೆಲಸದಿಂದಾಗಿ ನಿಶ್ಚಿತಾರ್ಥಕ್ಕೆ ಮೊದಲು ಏನೂ ಮಾಡಿಸಲು ಆಗಲಿಲ್ಲ. ಸೆರಾಮಿಕ್ ವಿನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಹಾಕಿಸಿಬಿಡಿ ಅಂತ ಅವಸರ ಮಾಡುವವರ ಹತ್ತಿರವೂ ಹುಷಾರು. ಅದಕ್ಕೆ ಸಾಮಾನ್ಯವಾಗಿ ಒಳ್ಳೆಯ ಹಲ್ಲನ್ನೇ ಸ್ವಲ್ಪ ಉಜ್ಜಿ ತೆಗೆಯಬೇಕು, ಮತ್ತೆ ಹಿಂದಕ್ಕೆ ಬರಲಾಗುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪಕ್ಕ ಸರ್ಕಾರಿ ದಂತ ಕಾಲೇಜಿದೆ, ಮೊದಲು ಅಲ್ಲಿ ತೋರಿಸಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇವತ್ತೇ ನೀರಿನ ಬಗ್ಗೆ ಯೋಚಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಕೆಲಸ ಮಾಡುತ್ತಿದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿ, ನೀರು ಟೆಸ್ಟ್ ಮಾಡಿಸಿ. ಕುಡಿಯುವುದಕ್ಕೆ ಮಾತ್ರ ಆ ನೀರು ತಂದು ಅನ್ನ ಸಾರಿಗೆ ಬೋರ್ ನೀರು ಹಾಕುತ್ತಾರಲ್ಲ, ಅದೂ ಮಗುವಿನ ಹೊಟ್ಟೆಗೇ ಹೋಗುತ್ತದೆ. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ನುಂಗದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಪಾರ್ಲರ್‌ನವರು ದುಡ್ಡು ವಾಪಸ್ ಕೊಡಲಿಲ್ಲ. ನಿಮಗೆ ಅಲರ್ಜಿ ಇರಬಹುದು ಅಂದರು. ಬಿಲ್ಲಿನಲ್ಲಿ ಬರೀ ‘ಬ್ಯೂಟಿ ಸರ್ವಿಸ್’ ಅಂತ ಇದೆ. ಈಗಾಗಲೇ ಯಾರಿಗಾದರೂ ಹೀಗಾಗಿದ್ದರೆ ಅದೇ ದಿನ ನೋಂದಾಯಿತ ದಂತ ವೈದ್ಯರಿಗೆ ತೋರಿಸಿ, ಏನಾಗಿದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಿಲ್ ಮತ್ತು ಮೆಸೇಜ್‌ಗಳನ್ನು ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಬಾಯಿಯ ಫೋಟೋ ಮಾತ್ರ ಮೊದಲ ದಿನವೇ ತೆಗೆದಿಡಿ. ಸುಟ್ಟ ವಸಡು ಕೆಲವೇ ದಿನದಲ್ಲಿ ಮಾಯುತ್ತದೆ, ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.