ಅಸ್ತ್ರ ಒಲೆ: ಮೂರು ಬಾಯಿ, ಒಂದು ಹೊಗೆ ಕೊಳವೆ, ಮನೆಯವರ ಡಿಎನ್‌ಎ

ಅಸ್ತ್ರ ಒಲೆ ಹೆಸರಾಗಿರುವುದು ಕಟ್ಟಿಗೆ ಉಳಿತಾಯಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಶುರುವಾದ ‘ಅಸ್ತ್ರ’ ವಿಭಾಗ 1980ರ ದಶಕದ ಮೊದಲಲ್ಲಿ ರೂಪಿಸಿದ ಒಲೆ ಇದು. ಕಟ್ಟಿಗೆ ಎಷ್ಟು ಉಳಿಯುತ್ತದೆ ಎಂಬ ಬಗ್ಗೆ ಸಾಕಷ್ಟು ಮಾತಾಗಿದೆ. ಒಲೆ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವವರ ಎದೆಯೊಳಗೆ ಏನು ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಈ ಒಲೆಯನ್ನು ತೂಗಿದವರು ಕಡಿಮೆ. ಇಲ್ಲಿ ನೋಡುವುದು ಅದನ್ನೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೊಳವೆ ಚೆನ್ನಾಗಿ ಎಳೆಯುತ್ತಿದ್ದರೆ, ಮಣ್ಣಿನ ಒಲೆಗಳಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಹಳೆಯ ಕೋಡೊಲೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಹಳೆಯ ಅಡುಗೆಮನೆಯ ಜಂತೆಗಳಿಂದ ಇಲ್ಲಣ ಜೋತಾಡುತ್ತಿರುತ್ತದಲ್ಲ, ಅದನ್ನು ಬೆರಳಲ್ಲಿ ಒರೆಸಿ ನೋಡಿ. ಒಣಮಸಿಯಾಗಿದ್ದರೆ ಉದುರಿಹೋಗಬೇಕಿತ್ತು. ಅದು ಅಂಟುತ್ತದೆ, ಕಂದು ಬಣ್ಣಕ್ಕೆ ಮಿರುಗುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ಆ ಜಿಡ್ಡೇ ಟಾರು. ಗಾಳಿ ಸಾಲದೆ ಅರೆಬರೆ ಉರಿದ ಕಟ್ಟಿಗೆಯಿಂದ ಹುಟ್ಟುವ ನೂರಾರು ಪದಾರ್ಥಗಳು ಅದರಲ್ಲಿವೆ. ಅವುಗಳಲ್ಲಿ ಚೆನ್ನಾಗಿ ಗುರುತು ಸಿಕ್ಕಿರುವುದು ಬೆಂಜೋ-ಎ-ಪೈರೀನ್, ಐದು ಉಂಗುರ ಒಂದಕ್ಕೊಂದು ಬೆಸೆದುಕೊಂಡ ಚಪ್ಪಟೆ ಅಣು. ಅದು ಇದ್ದಹಾಗೇ ಡಿಎನ್‌ಎಗೆ ಏನೂ ಮಾಡುವುದಿಲ್ಲ. ಕೊಬ್ಬಿನಲ್ಲಿ ಕರಗುವ ಈ ವಸ್ತುವನ್ನು ನೀರಲ್ಲಿ ಕರಗುವಂತೆ ಮಾಡಿ ಹೊರಹಾಕೋಣವೆಂದು ನಮ್ಮದೇ ಜೀವಕೋಶದ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸುತ್ತವೆ. ಎಡವಟ್ಟಾಗುವುದು ಅಲ್ಲೇ. ಆಗ ಹುಟ್ಟುವ ಎಪಾಕ್ಸೈಡ್ ಎಂಬ ಚುರುಕು ವಸ್ತು ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ರಿಪೇರಿ ವ್ಯವಸ್ಥೆ ಜೀವಕೋಶದಲ್ಲೇ ಇದೆ. ಅಂಟಿಕೊಂಡ ಜಾಗದ ಸುತ್ತ ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿಕೊಂಡು ಹೊಸದಾಗಿ ಬರೆಯುತ್ತದೆ. ರಿಪೇರಿ ಮುಗಿಯುವ ಮೊದಲೇ ಜೀವಕೋಶ ಒಡೆದು ಎರಡಾದರೆ ಪ್ರತಿ ತಪ್ಪಾಗುತ್ತದೆ. ‘ಜಿ’, ಅಂದರೆ ಗ್ವಾನಿನ್, ಇರಬೇಕಾದ ಕಡೆ ಇನ್ನೊಂದು ಅಕ್ಷರವಾದ ‘ಟಿ’ ಬಂದು ಕೂರುತ್ತದೆ. ಆಮೇಲೆ ಅದು ತಪ್ಪು ಅಂತ ಗುರುತಿಸುವವರು ಯಾರೂ ಇಲ್ಲ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವ ಟಿಪಿ53 ಎಂಬ ಜೀನಿನಲ್ಲಿ ಬೆಂಜೋ-ಎ-ಪೈರೀನ್ ಹೆಚ್ಚಾಗಿ ಅಂಟುವುದು 157, 248, 273ನೇ ಸ್ಥಾನಗಳಲ್ಲಿ. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳಲ್ಲಿ ಆ ಜೀನು ಪದೇ ಪದೇ ಕೆಟ್ಟಿರುವುದೂ ಅದೇ ಸ್ಥಾನಗಳಲ್ಲಿ ಎಂದು 1996ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು. ದಿನಾ ಹೊಗೆ ಕುಡಿದರೆ ದಿನಾ ಹೊಸ ಗಾಯ. ರಿಪೇರಿಗೆ ಬಿಡುವು ಕೊಡುವುದೆಂದರೆ ಹೊಗೆಯ ಪ್ರಮಾಣ ತಗ್ಗಿಸುವುದು, ಬೇರೆ ದಾರಿ ಇಲ್ಲ.

ಕೊಳವೆಯೊಂದರಿಂದಲೇ ಅಷ್ಟು ತಗ್ಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಚೀನಾದ ಯುನ್ನಾನ್ ಪ್ರಾಂತ್ಯದ ಷುವಾನ್‌ವೇಯಲ್ಲಿ. ಅಲ್ಲಿನ ಹೆಂಗಸರು ಬೀಡಿ ಸಿಗರೇಟು ಮುಟ್ಟುವವರಲ್ಲ, ಆದರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು ಚೀನಾದಲ್ಲೇ ಅತಿ ಹೆಚ್ಚಿದ್ದ ಕಡೆಗಳಲ್ಲಿ ಅದೂ ಒಂದು. ಮನೆ ನಡುವೆ ಕೊಳವೆಯಿಲ್ಲದ ಗುಂಡಿಯಲ್ಲಿ ಹೊಗೆಗಲ್ಲಿದ್ದಲು ಉರಿಸುತ್ತಿದ್ದರು. 1970ರ ದಶಕದಿಂದ ಕೊಳವೆ ಇರುವ ಒಲೆಗಳು ಬಂದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ರೈತರನ್ನು 1976ರಿಂದ 1992ರವರೆಗೆ ಲೆಕ್ಕ ಇಟ್ಟು ನೋಡಿದಾಗ, ಒಲೆ ಬದಲಿಸಿದವರಲ್ಲಿ ಈ ಕ್ಯಾನ್ಸರ್ ಗಂಡಸರಲ್ಲಿ ಶೇ 41, ಹೆಂಗಸರಲ್ಲಿ ಶೇ 46 ಕಡಿಮೆಯಿತ್ತು. ಫಲ ಸ್ಪಷ್ಟವಾಗಿ ಕಂಡದ್ದು ಒಲೆ ಬದಲಿಸಿ ಸುಮಾರು ಹತ್ತು ವರ್ಷದ ನಂತರ. ಅಲ್ಲಿಯದು ಕಲ್ಲಿದ್ದಲು, ನಮ್ಮದು ಕಟ್ಟಿಗೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದ್ದರೆ, ಸೌದೆ ಹೊಗೆಯನ್ನು ಅದರ ಕೆಳಗಿನ ‘ಬಹುಮಟ್ಟಿಗೆ ಸಂಭವ’ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಬೆಂಜೋ-ಎ-ಪೈರೀನ್ ಮಾತ್ರ ಎರಡೂ ಹೊಗೆಯಲ್ಲಿದೆ, ಅದು ಮೊದಲ ಪಟ್ಟಿಯಲ್ಲೇ ಇದೆ.

ಈಗ ಒಲೆಗೆ ಬರೋಣ. ಜಾಲರಿಯ ಮೇಲೆ ಕಟ್ಟಿಗೆ, ಕೆಳಗೆ ಬೂದಿ ಗೂಡು, ಮುಂದೆ ಮುಚ್ಚುವ ಬಾಗಿಲು, ಮೇಲೆ ಒಂದರ ಹಿಂದೊಂದು ಮೂರು ಬಾಯಿ, ಕೊನೆಗೆ ಕೊಳವೆ. ಜಾಲರಿ ಕೆಳಗಿನಿಂದ ಗಾಳಿ ನುಗ್ಗುವುದರಿಂದ ಊದುಗೊಳವೆ ಬೇಕಾಗುವುದಿಲ್ಲ. ಇದು ಸಣ್ಣ ಲಾಭವಲ್ಲ. ಊದಲು ಬಗ್ಗಿದಾಗ ಮುಖ ಬೆಂಕಿಯಿಂದ ಒಂದು ಅಡಿ ದೂರದಲ್ಲಿರುತ್ತದೆ, ಊದಿದ ಮರುಗಳಿಗೆ ಜೋರಾಗಿ ಉಸಿರು ಎಳೆದುಕೊಳ್ಳಲೇಬೇಕು. ದಿನದ ಅತಿ ದಟ್ಟ ಹೊಗೆ ಎದೆಗೆ ಇಳಿಯುವುದು ಆ ಹೊತ್ತಿನಲ್ಲಿ.

ದುಡ್ಡು ಹೋಗುವುದು ಜಾಲರಿ, ಬಾಗಿಲು, ಕೊಳವೆ ಈ ಮೂರಕ್ಕೆ. ಉಳಿದದ್ದು ಇಟ್ಟಿಗೆ, ಮಣ್ಣು, ಕೂಲಿ. ಹುತ್ತದ ಮಣ್ಣು ಸಿಕ್ಕಿದರೆ ಒಳ್ಳೆಯದು. ಜರಡಿ ಹಿಡಿದು, ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ, ತುಳಿದು, ಒಂದೆರಡು ದಿನ ಕೊಳೆಯಲು ಬಿಡಬೇಕು. ಜೇಡಿ ಜಾಸ್ತಿಯಾದರೆ ಒಣಗುವಾಗ ಬಿರಿಯುತ್ತದೆ, ಮರಳು ಜಾಸ್ತಿಯಾದರೆ ಅಂಚು ಉದುರುತ್ತದೆ. ಅವಸರ ಮಾಡಿ ಮೂರನೇ ದಿನಕ್ಕೆ ಹಬ್ಬದಡುಗೆಗೆ ಹಚ್ಚಿದ ಒಲೆಗಳೇ ಹೆಚ್ಚಾಗಿ ಬಿರುಕು ಬಿಡುವುದು. ಹತ್ತು ಹದಿನೈದು ದಿನ ನೆರಳಲ್ಲಿ ಒಣಗಲಿ, ಆಮೇಲೆ ಎರಡು ಮೂರು ದಿನ ಪುರಲೆಯ ಸಣ್ಣ ಉರಿ ಸಾಕು. ಬಿರುಕು ಕಂಡ ದಿನವೇ ಅದೇ ಮಣ್ಣಿನಲ್ಲಿ ಮೆತ್ತಿ ಸಾರಿಸಬೇಕು. ಕೂದಲೆಳೆಯಷ್ಟು ಬಿರುಕಿನಿಂದಲೂ ಹೊಗೆ ಅಡುಗೆಮನೆಗೇ ಬರುತ್ತದೆ.

ಬಾಯಿಯ ಅಳತೆಯನ್ನು ಮನೆಯ ಪಾತ್ರೆ ಇಟ್ಟೇ ತೆಗೆಯಬೇಕು. ಪಾತ್ರೆ ಬಾಯೊಳಗೆ ಇಳಿದು ಅಂಚಿಗೆ ಸುತ್ತಲೂ ಕೂರಬೇಕು, ಇದೇ ಈ ಒಲೆಯ ಗುಟ್ಟು. ಬೇರೆ ಸೈಜಿನ ತಪ್ಪಲೆ ಇಟ್ಟರೆ ಸಂದಿ ಬೀಳುತ್ತದೆ, ಎಳೆತ ಕಡಿಮೆಯಾಗುತ್ತದೆ. ಸಣ್ಣ ಪಾತ್ರೆಗೆ ಕಬ್ಬಿಣದ ಬಳೆ ಮಾಡಿಸಿಟ್ಟುಕೊಳ್ಳಿ, ಖಾಲಿ ಬಾಯಿಗೆ ಮುಚ್ಚಳ ಇರಲಿ. ಹಳೆಯ ಒಲೆಯಂತೆ ಮೂರು ಗುಂಡುಗಳ ಮೇಲೆ ಪಾತ್ರೆ ಎತ್ತಿಡುವ ಅಭ್ಯಾಸ ಬಿಡದವರ ಮನೆಯಲ್ಲಿ ಈ ಒಲೆ ಸೋಲುತ್ತದೆ.

ಕೊಳವೆ ನಾಲ್ಕು ಇಂಚಿನದು ಸಾಕು. ನೆಟ್ಟಗೆ ಹೋದಷ್ಟೂ ಒಳ್ಳೆಯದು, ಗೋಡೆ ದಾಟಿಸಲು ಒಂದು ಬಾಗು ಕೊಡಬಹುದು. ಅಡ್ಡಡ್ಡ ಮಲಗಿಸಿದರೆ ಅಲ್ಲೇ ಮಸಿ ಕೂರುತ್ತದೆ. ಮಾಡಿನ ಮೂಲೆಹಂಚಿಗಿಂತ ಎರಡು ಅಡಿ ಮೇಲಿರಬೇಕು, ಇಲ್ಲದಿದ್ದರೆ ಮಳೆಗಾಲದ ಗಾಳಿ ಹೊಗೆಯನ್ನು ವಾಪಸು ಒಳಗೆ ತಳ್ಳುತ್ತದೆ. ತಲೆಯ ಟೊಪ್ಪಿಗೂ ಕೊಳವೆಗೂ ನಾಲ್ಕು ಇಂಚು ಸಂದಿ ಬಿಡಿ. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕಂಡಿ ಇಡಿಸಲೇಬೇಕು, ಅದಿಲ್ಲದೆ ಕಟ್ಟಿದ ಒಲೆಯನ್ನು ಒಪ್ಪಿಕೊಳ್ಳಬೇಡಿ. ಸೋಗೆ ಮಾಡಾದರೆ ಕೊಳವೆಯನ್ನು ಗೋಡೆಯ ಮೂಲಕವೇ ಹೊರಗೆ ತೆಗೆಯಿರಿ.

ಒಂದು ಎಚ್ಚರಿಕೆ. ಅಗ್ಗವೆಂದು ಕಲ್ನಾರು ಸಿಮೆಂಟಿನ ಪೈಪು ತಂದು ಹಾಕುವ ರೂಢಿ ಈಗಲೂ ಇದೆ. ಕಲ್ನಾರು ಖಚಿತ ಕ್ಯಾನ್ಸರ್‌ಕಾರಕ. ಅದರ ಎಳೆಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ದಶಕಗಟ್ಟಲೆ ಉರಿಯೂತ ಎಬ್ಬಿಸುತ್ತವೆ, ಆ ಉರಿಯೂತವೂ ಡಿಎನ್‌ಎಯನ್ನು ಕೆಡಿಸುತ್ತದೆ. ಪೈಪು ಕೊಯ್ಯುವಾಗ, ತೂತು ಕೊರೆಯುವಾಗ ಏಳುವ ಧೂಳೇ ಅಪಾಯ. ಹೊಸದಾಗಿ ಕಟ್ಟುವವರು ಸುಟ್ಟಮಣ್ಣಿನ ಕೊಳವೆ ಅಥವಾ ಜಿಐ ತಗಡಿನ ಕೊಳವೆ ಹಾಕಿಸಿ. ತಗಡು ಕೆಲವು ವರ್ಷಕ್ಕೆ ತುಕ್ಕು ಹಿಡಿಯುತ್ತದೆ, ಬದಲಾಯಿಸಿದರಾಯಿತು. ಈಗಾಗಲೇ ಕಲ್ನಾರು ಪೈಪು ಇದ್ದರೆ ಅದನ್ನು ಒಡೆಯಲು, ಉಜ್ಜಲು ಹೋಗಬೇಡಿ. ತೆಗೆಯಲೇಬೇಕಾದರೆ ನೀರಲ್ಲಿ ಚೆನ್ನಾಗಿ ನೆನೆಸಿ ಇಡಿಯಾಗಿ ಇಳಿಸಿ.

ಕೊಳವೆ ಒಲೆಗಳು ಜನರ ಕೈಯಲ್ಲಿ ಹೇಗೆ ಸೋಲುತ್ತವೆ ಎಂಬುದನ್ನು ಒಡಿಶಾದ ಸುಮಾರು 2,600 ಮನೆಗಳಲ್ಲಿ ನಾಲ್ಕು ವರ್ಷ ನೋಡಿದ್ದಾರೆ. ಮೊದಲ ವರ್ಷ ಒಳಗೆಳೆದ ಹೊಗೆ ನಿಜಕ್ಕೂ ತಗ್ಗಿತು. ಆಮೇಲೆ ಒಲೆ ಬಿರಿಯಿತು, ಕೊಳವೆ ಕಟ್ಟಿತು, ರಿಪೇರಿ ಮಾಡಿಸಿದವರು ಕಡಿಮೆ, ಲಾಭ ಮಾಯವಾಯಿತು. ಹದಿನೈದು ದಿನಕ್ಕೊಮ್ಮೆ, ಹಸಿ ಕಟ್ಟಿಗೆ ಉರಿಸುವ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ ಮೇಲಿಂದ ಕೆಳಗೆ ಎಳೆಯಬೇಕು. ಬಿಟ್ಟರೆ ಟಾರು ಗಟ್ಟಿಯಾಗಿ ಒಂದು ದಿನ ಕೊಳವೆಯೊಳಗೇ ಬೆಂಕಿ ಹತ್ತುತ್ತದೆ.

ಆ ಮಸಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಂಡನ್ನಿನಲ್ಲಿ ಚಿಮಣಿಯೊಳಗೆ ಇಳಿದು ಗುಡಿಸುತ್ತಿದ್ದ ಹುಡುಗರಿಗೆ ಮುಂದೆ ವೃಷಣಚೀಲದ ಚರ್ಮಕ್ಕೆ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ಬರೆದಿಟ್ಟಿದ್ದ. ಕೆಲಸದಿಂದ ಕ್ಯಾನ್ಸರ್ ಬರುತ್ತದೆಂದು ಮೊದಲು ಗೊತ್ತಾದ ಪ್ರಸಂಗಗಳಲ್ಲಿ ಅದೊಂದು. ಟಾರಿನಿಂದ ಬೆಂಜೋ-ಎ-ಪೈರೀನನ್ನು ಬೇರ್ಪಡಿಸಿದ್ದು 1930ರ ದಶಕದಲ್ಲಿ. ಆದ್ದರಿಂದ ಕೊಳವೆ ಎಳೆಯುವಾಗ ಕೈಗವಸು, ತುಂಬುತೋಳಿನ ಹಳೆ ಅಂಗಿ, ಎನ್95 ಮಾಸ್ಕು ಇರಲಿ. ಮೂಗಿಗೆ ಕಟ್ಟಿದ ಟವೆಲ್ಲು ಇಷ್ಟು ಸಣ್ಣ ಕಣವನ್ನು ತಡೆಯುವುದಿಲ್ಲ. ಕೆಲಸ ಮುಗಿದೊಡನೆ ಸೋಪು ಹಾಕಿ ಸ್ನಾನ, ಆ ಬಟ್ಟೆ ಬೇರೆ ಒಗೆಯಬೇಕು. ಇದನ್ನು ಮಕ್ಕಳ ಕೈಲಿ ಮಾಡಿಸಬಾರದು. ಕೊಳವೆಯ ಮಸಿಯನ್ನು ತರಕಾರಿ ಪಾತಿಗೆ ಸುರಿಯದೆ ಹೂಳಿ. ಜಾಲರಿ ಕೆಳಗಿನ ಬಿಳಿ ಬೂದಿ ಬೇರೆ, ಅದು ಗಿಡಕ್ಕೆ ಸಲ್ಲುತ್ತದೆ.

ಏನು ಉರಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಸೀಳಿ ಆರು ತಿಂಗಳು ಒಣಗಿಸಿದ ಸೌದೆಯ ಎರಡು ತುಂಡು ಬಡಿದರೆ ಠಣ್ ಅನ್ನಬೇಕು. ಹಸಿ ಸೌದೆ ನೀರು ಆರಿಸುವುದರಲ್ಲೇ ಶಾಖ ಕಳೆದುಕೊಂಡು ಹೊಗೆಯಾಡುತ್ತದೆ. ಒಲೆ ಹಚ್ಚಲು ಹಾಲಿನ ಕವರು, ಸೈಕಲ್ ಟೈರಿನ ತುಂಡು, ಹಳೆ ಚಪ್ಪಲಿ ಬಳಸುವುದನ್ನು ಇವತ್ತೇ ನಿಲ್ಲಿಸಿ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ಕಿನಿಂದ ಡೈಆಕ್ಸಿನ್ ಹುಟ್ಟುತ್ತದೆ. ಅದು ಡಿಎನ್‌ಎಗೆ ನೇರವಾಗಿ ಅಂಟುವುದಿಲ್ಲ. ಜೀವಕೋಶದ ಒಂದು ಗ್ರಾಹಿಯನ್ನು ಚಾಲೂ ಮಾಡಿ ಜೀನುಗಳ ನಡೆಯನ್ನೇ ಬದಲಿಸುತ್ತದೆ, ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತೆಂಗಿನ ಗರಿ, ಕರಟ, ಪುರಲೆ ಇರುವ ನಾಡಿನಲ್ಲಿ ಕವರು ಯಾಕೆ ಬೇಕು? ಬಣ್ಣ ಬಳಿದ ಹಳೆ ಕಿಟಕಿಯ ಮರವೂ ಬೇಡ.

ಕೊರತೆಗಳೂ ಇವೆ. ಬಾಗಿಲು ಮುಚ್ಚಬೇಕಾದ್ದರಿಂದ ಸೌದೆಯನ್ನು ಒಂದು ಅಡಿಯ ತುಂಡು ಮಾಡಬೇಕು, ಉದ್ದ ಕೊಂಬೆ ತುರುಕಿ ತಳ್ಳುತ್ತಾ ಹೋಗಲು ಬರುವುದಿಲ್ಲ. ಆ ಕಡಿಯುವ ಕೆಲಸ ಯಾರ ತಲೆಗೆ ಬೀಳುತ್ತದೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಜೋಳದ ರೊಟ್ಟಿಗೆ ಮೊದಲ ಬಾಯಿಯ ಉರಿ ಮಾತ್ರ ಸಾಲುತ್ತದೆ, ಮೂರನೆಯದು ನೀರು ಕಾಯಿಸಲು ಸರಿ. ಒಂದೇ ಬಾಯಿ ಬಳಸಿದರೆ ಕಟ್ಟಿಗೆ ಉಳಿತಾಯದ ಮಾತೇ ಇಲ್ಲ. ಅಟ್ಟದ ಮೇಲಿನ ಅಡಿಕೆ, ಕೊಬ್ಬರಿಗೆ ತಾಗುತ್ತಿದ್ದ ಹೊಗೆಯೂ ತಪ್ಪುತ್ತದೆ, ಒಣಗಿಸಲು ಬೇರೆ ಏರ್ಪಾಡು ಬೇಕು.

ಅಡುಗೆಗೆ ಗ್ಯಾಸಿದ್ದು, ಸಿಲಿಂಡರ್ ತುಂಬಿಸುವ ಶಕ್ತಿಯೂ ಇದ್ದರೆ ಗ್ಯಾಸೇ ಮೇಲು. ಅಸ್ತ್ರ ಒಲೆ ಹೊಗೆಯನ್ನು ಕಡಿಮೆ ಮಾಡುತ್ತದೆ, ಆದರೆ ಉಳಿದದ್ದನ್ನು ಅಂಗಳಕ್ಕೆ ಸಾಗಿಸುತ್ತದೆ. ಗಾಳಿಯಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ದೇಶದ ಮಿತಿ, 15 ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ. ತೆರೆದ ಒಲೆಯ ಅಡುಗೆಮನೆಯಲ್ಲಿ ಉರಿ ಇದ್ದಾಗ ಅದು ನೂರಾರು ಇರುತ್ತದೆ, ಸಾವಿರ ದಾಟುವುದೂ ಹೊಸದಲ್ಲ. ಗ್ಯಾಸ್ ಬಂದಮೇಲೂ ಬಚ್ಚಲ ಹಂಡೆಗೆ, ದನದ ಮುಸುರೆಗೆ, ಮದುವೆ ಮುಂಜಿಗೆ ಸೌದೆ ಉರಿಯುತ್ತಲೇ ಇದೆ. ಅಂಥ ಮನೆಗಳಿಗೆ ಈ ಒಲೆಯನ್ನು ಧೈರ್ಯವಾಗಿ ಹೇಳಬಹುದು.

ಕಟ್ಟಿದವರಿಗೆ ಹಣ ಕೊಡುವ ಮೊದಲು ಹೀಗೆ ಪರೀಕ್ಷಿಸಿ. ಮೂರೂ ಪಾತ್ರೆಯಲ್ಲಿ ನೀರು ತುಂಬಿಟ್ಟು ಒಲೆ ಹಚ್ಚಿ, ಹತ್ತು ನಿಮಿಷ ಉರಿ ಹಿಡಿಯಲಿ. ಹೊತ್ತಿಸಿದ ಒಂದು ಊದುಬತ್ತಿಯನ್ನು ಪಾತ್ರೆಗಳ ಅಂಚಿನ ಸುತ್ತ, ಬಾಗಿಲ ಸಂದಿಯ ಉದ್ದಕ್ಕೂ, ಕೊಳವೆ ಬುಡದ ಕಂಡಿಯ ಬಳಿ ನಿಧಾನವಾಗಿ ಒಯ್ಯಿರಿ. ಊದುಬತ್ತಿಯ ಹೊಗೆ ಎಲ್ಲ ಕಡೆಯೂ ಒಳಮುಖವಾಗಿ ವಾಲಬೇಕು. ಎಲ್ಲಿ ಹೊರಕ್ಕೆ ತಿರುಗುತ್ತದೋ ಅಲ್ಲಿ ಇದ್ದಲಿನಿಂದ ಗುರುತು ಹಾಕಿ, ಅವರ ಎದುರಿಗೇ ಮಣ್ಣು ಮೆತ್ತಿಸಿ.