ಬಾನೆಟ್ ಒಳಗಿನ ಕೊಳೆ: ಬ್ಲೋವರ್, ಬ್ರಷ್, ಪ್ರೆಶರ್ ವಾಶರ್, ಸ್ಟೀಮ್, ಡೀಸೆಲ್. ಮನೆಯಲ್ಲಿ ಯಾವುದು ಸರಿ?

ಎಂಜಿನ್ ಮೇಲೆ ನೀರು ಹಾಕಬಹುದಾ ಅಂತ ಯಾರನ್ನಾದರೂ ಕೇಳಿ ನೋಡಿ. "ಒಂದು ಹನಿ ಬಿದ್ದರೂ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗುತ್ತೆ" ಅನ್ನುವವರು ಒಂದು ಕಡೆ. "ಮಳೆಯಲ್ಲಿ ಓಡಿಸಲ್ವಾ? ಪೈಪ್ ಹಿಡಿದು ಹೊಡೀರಿ" ಅನ್ನುವವರು ಇನ್ನೊಂದು ಕಡೆ. ಬೇರೆ ಬೇರೆ ವಿಧಾನ ಮಾಡಿ ನೋಡಿದ ಮೇಲೆ ನನಗೆ ಇಬ್ಬರ ಮಾತೂ ಅರ್ಧ ಮಾತ್ರ ಸರಿ ಅನಿಸಿದೆ. ನೀರಿಗೆ ಅಷ್ಟೇನೂ ಹೆದರಬೇಕಿಲ್ಲ. ನೀರಿನ ಒತ್ತಡಕ್ಕೆ ಹೆದರಬೇಕು, ಮತ್ತು ಅದು ಹೋಗಿ ನಿಂತುಕೊಳ್ಳುವ ಜಾಗಕ್ಕೆ ಹೆದರಬೇಕು.

ಪರೀಕ್ಷೆಗೆ ಸಿಕ್ಕಿದ್ದು ಎರಡು ಗಾಡಿ. ಒಂದು ನನ್ನ ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಲ್ಲುತ್ತದೆ. ಒಳಗೆ ಧೂಳು, ಒಣ ಎಲೆ, ಆಗಾಗ ಇಲಿ. ಇನ್ನೊಂದು ಸಕಲೇಶಪುರದ ಕಡೆ ತೋಟದಲ್ಲಿ ಓಡುವ ನಮ್ಮ ಭಾವನ ಡೀಸೆಲ್ ಜೀಪು. ಅದರೊಳಗೆ ಕೆಂಪು ಮಣ್ಣು, ಅದರ ಮೇಲೆ ಎಣ್ಣೆ ಜಿಡ್ಡು, ಜಿಡ್ಡಿನ ಮೇಲೆ ಮತ್ತೆ ಮಣ್ಣು. ಒಂದು ಗಾಡಿಗೆ ಒಗ್ಗಿದ ವಿಧಾನ ಇನ್ನೊಂದಕ್ಕೆ ಒಗ್ಗಲಿಲ್ಲ. ಹಾಗಾಗಿ "ಇದೊಂದೇ ಬೆಸ್ಟ್" ಅಂತ ಯಾರಾದರೂ ಹೇಳಿದರೆ ಅವರ ಕಾರಿನಲ್ಲಿ ಯಾವ ಥರದ ಕೊಳೆ ಇತ್ತು ಅಂತ ಮೊದಲು ಕೇಳಿ.

ಯಾವ ವಿಧಾನಕ್ಕಾದರೂ ಮೊದಲು ಮಾಡಬೇಕಾದ್ದು

ಎಂಜಿನ್ ತಣ್ಣಗಿರಬೇಕು. ಹೆಚ್ಚೆಂದರೆ ಕೈ ಇಟ್ಟು ಹಿಡಿದುಕೊಳ್ಳುವಷ್ಟು ಬೆಚ್ಚಗಿರಬಹುದು. ಈಗಷ್ಟೇ ಓಡಿಸಿ ನಿಲ್ಲಿಸಿದ ಗಾಡಿಯ ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಲೋಹದ ಕೊಳವೆ) ನೂರಾರು ಡಿಗ್ರಿ ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಲೋಹ ಬಿರುಕು ಬಿಡಬಹುದು. ಕ್ಲೀನರ್ ಹೊಡೆದರೆ ಅಲ್ಲೇ ಒಣಗಿ ಕಲೆ ಉಳಿಯುತ್ತದೆ. ಕೈ ಸುಡುವುದು ಬೇರೆ. ರೇಡಿಯೇಟರ್ ಮುಚ್ಚಳ, ಕೂಲೆಂಟ್ ಮುಚ್ಚಳ ಮುಟ್ಟಲೇಬೇಡಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬಹಳಷ್ಟು ಕಾರುಗಳಲ್ಲಿ 10 ಎಂಎಂ ಸ್ಪ್ಯಾನರ್ ಸಾಕು. ಇದು ಬರೀ ಶಾರ್ಟ್ ಆಗದಿರಲಿ ಅಂತ ಅಲ್ಲ. ಕೆಲವು ಕಾರುಗಳಲ್ಲಿ ಕೀ ತೆಗೆದಿದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಆಗ ಬೆರಳು ಅಲ್ಲೇ ಇದ್ದರೆ ಕಷ್ಟ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಅಳಿಸಿಹೋಗುತ್ತವೆ. ಸ್ಟೀರಿಯೋಗೆ ಕೋಡ್ ಬೇಕಾಗುವ ಗಾಡಿಯಾದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಆಮೇಲೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ), ಫ್ಯೂಸ್ ಬಾಕ್ಸ್, ಇಸಿಎಂ, ಗಾಳಿ ಎಳೆದುಕೊಳ್ಳುವ ಮೂತಿ, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳು. ಇವಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಬಿಗಿಯಾಗಿವೆಯಾ ನೋಡಿ. ಕೊನೆಗೆ ಈ ಕವರುಗಳನ್ನೆಲ್ಲ ತೆಗೆಯುವುದನ್ನು ಮರೆಯಬಾರದು. ಅದಕ್ಕೆ ನಾನು ಬಣ್ಣದ ಕವರ್ ಬಳಸುತ್ತೇನೆ. ಕಪ್ಪು ಕವರ್ ಕಪ್ಪು ಎಂಜಿನ್ ಒಳಗೆ ಕಾಣಿಸುವುದೇ ಇಲ್ಲ.

ಬ್ಲೋವರ್ ಮತ್ತು ಒಣ ಬ್ರಷ್

ಕೈಯಲ್ಲಿ ಹಿಡಿಯುವ ಕರೆಂಟಿನ ಏರ್ ಬ್ಲೋವರ್, ಒಂದೆರಡು ಮೆದು ಬ್ರಷ್, ಮೈಕ್ರೋಫೈಬರ್ ಬಟ್ಟೆ. ನೀರೇ ಇಲ್ಲ. ಬೆಂಗಳೂರಿನಲ್ಲಿ ಇದು ಸಣ್ಣ ಲಾಭವೇನಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ಪರದಾಡುತ್ತಿದ್ದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾನೆಟ್ ಎತ್ತಿ ಕೆಲಸ ಮಾಡುತ್ತಿದ್ದವರ ಕೈಯಲ್ಲಿ ಇದ್ದದ್ದು ಬ್ಲೋವರ್ ಮಾತ್ರ.

ನನ್ನ ಹ್ಯಾಚ್‌ಬ್ಯಾಕ್‌ಗೆ ಇದು ಮುಕ್ಕಾಲು ಪಾಲು ಕೆಲಸ ಮಾಡಿಕೊಟ್ಟಿತು. ಮುಖ್ಯವಾಗಿ ವೈಪರ್ ಕೆಳಗಿನ ಜಾಲರಿ. ಅಲ್ಲಿ ಮಳೆನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಹೊಂಗೆ, ಗುಲ್‌ಮೊಹರ್ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಎಲೆ ಕೊಳೆತು ಆ ತೂತು ಕಟ್ಟಿಕೊಳ್ಳುತ್ತದೆ. ಜೂನ್ ಮಳೆಗೆ ನೀರು ಕಾಲ ಬಳಿಯ ಕಾರ್ಪೆಟ್‌ಗೆ ಇಳಿಯುವುದು ಎಷ್ಟೋ ಸಲ ಹೀಗೆಯೇ. ಎಂಜಿನ್ ಹೊಳೆಯದಿದ್ದರೂ ಪರವಾಗಿಲ್ಲ, ಈ ಜಾಲರಿ ಮಾತ್ರ ಸ್ವಚ್ಛ ಇರಲಿ.

ಜೀಪಿಗೆ ಬ್ಲೋವರ್ ಹಿಡಿದರೆ? ಏನೂ ಆಗಲಿಲ್ಲ. ಜಿಡ್ಡಿಗೆ ಅಂಟಿದ ಮಣ್ಣು ಜಾಗ ಬಿಟ್ಟು ಕದಲಲಿಲ್ಲ.

ಇಲಿ ಸೇರಿದ ಬಾನೆಟ್‌ಗೆ ಮಾತ್ರ ಬ್ಲೋವರ್ ಹಿಡಿಯಲೇಬಾರದು. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಒಣಗಿದ ಹಿಕ್ಕೆಯನ್ನು ಗಾಳಿಗೆ ಹಾರಿಸಿದರೆ ಅದೆಲ್ಲ ನಿಮ್ಮ ಮೂಗಿಗೇ ಬರುತ್ತದೆ. ಗ್ಲೌಸ್, ಮಾಸ್ಕ್ ಹಾಕಿ. ಮೊದಲು ಸೋಂಕುನಾಶಕ ಬೆರೆಸಿದ ನೀರು ಚಿಮುಕಿಸಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಟಿಶ್ಯೂನಲ್ಲಿ ಒರೆಸಿ ತೆಗೆದು ಕವರ್ ಕಟ್ಟಿ ಬಿಸಾಡಿ. ಹಾಗೇ ವಯರ್‌ಗಳನ್ನು ಒಮ್ಮೆ ನೋಡಿ. ಕಡಿದ ವಯರ್ ಕಂಡರೆ ಕ್ಲೀನಿಂಗ್ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಕ್ಲೀನರ್, ಬ್ರಷ್, ಒದ್ದೆ ಬಟ್ಟೆ

ನನ್ನ ಓಟು ಇದಕ್ಕೆ. ನೀರಿನಲ್ಲಿ ಕರಗುವ ಆಲ್ ಪರ್ಪಸ್ ಕ್ಲೀನರ್ ಅಥವಾ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ತಗೊಂಡು, ಸಾಮಾನ್ಯ ಕೊಳೆಗೆ ಒಂದು ಪಾಲಿಗೆ ಹತ್ತು ಪಾಲು ನೀರು, ಜಿಡ್ಡಿಗೆ ಒಂದಕ್ಕೆ ನಾಲ್ಕು. ಬಾಟಲಿ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಅಂತಿಮ. ಒಂದು ಟ್ರಿಕ್ ಇದೆ: ಕ್ಲೀನರನ್ನು ಎಂಜಿನ್ ಮೇಲೆ ಹೊಡೆಯಬೇಡಿ, ಬ್ರಷ್ ಮೇಲೆ ಹೊಡೆಯಿರಿ. ಬ್ರಷ್ ಹೋದಲ್ಲಿ ಮಾತ್ರ ಒದ್ದೆಯಾಗುತ್ತದೆ, ವಯರ್ ಜೋಡಿಸುವ ಕನೆಕ್ಟರ್‌ಗಳ ಸಂದಿಗೆ ಏನೂ ಇಳಿಯಲ್ಲ. ಒಂದು ಅಂಗೈ ಅಗಲದ ಜಾಗ ಉಜ್ಜಿ, ಒಣಗುವ ಮೊದಲೇ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಪಕ್ಕಕ್ಕೆ ಸರಿಯಿರಿ. ಬೋರಿಂಗ್ ಕೆಲಸ, ಭಾನುವಾರದ ಅರ್ಧ ಬೆಳಗ್ಗೆ ಹೋಗುತ್ತದೆ. ನೀರು ಮಾತ್ರ ಒಂದು ಬಕೆಟ್ ಕೂಡ ಬೇಕಾಗಲ್ಲ.

ಪಾತ್ರೆ ತೊಳೆಯುವ ಲಿಕ್ವಿಡ್ ಸಾಲದಾ? ಸಾಲುತ್ತದೆ, ಹಗುರ ಕೊಳೆಗೆ. ಆದರೆ ನೊರೆ ವಿಪರೀತ. ನೊರೆ ತೆಗೆಯಲು ಮತ್ತೆ ಮತ್ತೆ ಒರೆಸಬೇಕು, ಕೊನೆಗೆ ಉಳಿಸಿದ ದುಡ್ಡು ಬಟ್ಟೆ ಹಿಂಡುವುದರಲ್ಲೇ ಹೋಯಿತು ಅನಿಸುತ್ತದೆ. ಕಾಸ್ಟಿಕ್ ಸೋಡಾ ಇರುವ ಖಡಕ್ ಕ್ಲೀನರ್, ಟಾಯ್ಲೆಟ್ ಆಸಿಡ್ ಇವೆರಡನ್ನೂ ಹತ್ತಿರ ತರಬೇಡಿ. ಇವತ್ತಿನ ಎಂಜಿನ್ನುಗಳಲ್ಲಿ ಅಲ್ಯುಮಿನಿಯಂ ಜಾಸ್ತಿ. ಖಡಕ್ ಕ್ಷಾರ ತಾಗಿದರೆ ಬೆಳ್ಳಗೆ ಮಬ್ಬಾಗಿಬಿಡುತ್ತದೆ, ಆ ಕಲೆ ಆಮೇಲೆ ಹೋಗುವುದಿಲ್ಲ.

ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಗೆ ಬೇರೆ ಔಷಧಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಅಲ್ಲಿರುವ ಆಸಿಡ್ ನೊರೆಯಾಗಿ ಸತ್ತುಹೋಗುತ್ತದೆ. ಒರೆಸಿ ಒಣಗಿಸಿ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕಣ್ಣಿಗೆ ಕನ್ನಡಕ ಇರಲಿ.

ಈ ವಿಧಾನದಲ್ಲಿ ನನಗೆ ಸಿಕ್ಕ ಇನ್ನೊಂದು ಲಾಭ, ಎಂಜಿನ್ನಿನ ಪ್ರತಿ ಮೂಲೆಗೂ ಕಣ್ಣು ಹೋಗುತ್ತದೆ. ಜೀಪಿನ ವಾಲ್ವ್ ಕವರ್ ಅಂಚಿನಿಂದ ಎಣ್ಣೆ ಜಿನುಗುತ್ತಿದ್ದದ್ದು ಗೊತ್ತಾಗಿದ್ದು ಹೀಗೆ. ಒರೆಸಿ, ಒಂದು ವಾರ ಓಡಿಸಿ ನೋಡಿದರೆ ಹೊಸ ಜಿಡ್ಡು ಎಲ್ಲಿಂದ ಶುರುವಾಗಿದೆ ಅಂತ ಎದ್ದು ಕಾಣುತ್ತದೆ. ನೀರು ಹೊಡೆದು ತೊಳೆದಿದ್ದರೆ ಯಾರು ಅಷ್ಟು ಹತ್ತಿರದಿಂದ ನೋಡುತ್ತಿದ್ದರು?

ಜಿಡ್ಡು ದಪ್ಪಗಿರುವ ಕೆಳಭಾಗಕ್ಕೆ ಮಾತ್ರ ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪ್ ಸ್ಪ್ರೇಯರ್ ತರುತ್ತೇನೆ. ಕ್ಲೀನರ್ ಹೊಡೆದು ಐದು ನಿಮಿಷ ಬಿಟ್ಟು ಉಜ್ಜಿ, ಅದೇ ಸ್ಪ್ರೇಯರ್‌ನಿಂದ ಸ್ವಲ್ಪ ನೀರು ಬಿಟ್ಟರೆ ಸಾಕು.

ಪ್ರೆಶರ್ ವಾಶರ್

ಎಲ್ಲರಿಗೂ ಇದರ ಮೇಲೆ ಕಣ್ಣು. ಲೆಕ್ಕ ನೋಡೋಣ. ಮೇಲಿನ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು 10 ಮೀಟರ್ ಎತ್ತರದಿಂದ ಇಳಿದರೆ ಒತ್ತಡ ಸುಮಾರು 1 ಬಾರ್. ಮನೆಬಳಕೆಯ ಪ್ರೆಶರ್ ವಾಶರ್ 100 ಬಾರ್‌ನ ಆಸುಪಾಸು. ನೂರು ಪಟ್ಟು! ಎಂಜಿನ್ ಒಳಗಿನ ಕನೆಕ್ಟರ್‌ಗಳು ವಾಟರ್‌ಪ್ರೂಫ್ ಅಲ್ವಾ ಅಂತ ವಾದಿಸುವವರಿಗೆ ಒಂದು ಮಾತು. ಐಪಿ ಅನ್ನುವುದು ಧೂಳು, ನೀರು ಒಳಗೆ ಹೋಗದಂತೆ ತಡೆಯುವುದರ ದರ್ಜೆ. ಐಪಿ67 ಅಂದರೆ 1 ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು ಅಂತ. ಜೆಟ್ ನೀರಿಗೆ ಐಪಿ69ಕೆ ಅನ್ನುವ ಬೇರೆಯೇ ದರ್ಜೆ ಇದೆ. ಅದರ ಪರೀಕ್ಷೆ 80ರಿಂದ 100 ಬಾರ್ ಒತ್ತಡದ ಬಿಸಿನೀರಿನಲ್ಲಿ ನಡೆಯುತ್ತದೆ. ನಿಮ್ಮ ಕಾರಿನ ಎಲ್ಲ ಕನೆಕ್ಟರ್ ಆ ದರ್ಜೆಯದ್ದು ಅಂತ ನಂಬಿಕೊಳ್ಳಬೇಡಿ. ಇದ್ದರೂ ಅದು ಹೊಸದರಲ್ಲಿ. ಹತ್ತು ವರ್ಷ ಎಂಜಿನ್ ಬಿಸಿಗೆ ಬೆಂದ ರಬ್ಬರ್ ಸೀಲ್ ಗಟ್ಟಿಯಾಗಿರುತ್ತದೆ.

ಜೀಪಿನ ಕೆಳಗೆ, ಚಕ್ರದ ಗೂಡಿನ ಮಣ್ಣಿಗೆ ಅಗಲ ನಾಜಲ್ ಹಾಕಿ ದೂರದಿಂದ ಹಿಡಿದಾಗ ಅದ್ಭುತವಾಗಿ ಕೆಲಸ ಮಾಡಿತು, ಸುಳ್ಳು ಯಾಕೆ ಹೇಳಲಿ. ಆದರೆ ಎಂಜಿನ್ ಮೇಲ್ಭಾಗಕ್ಕೆ ನಾನು ತಿರುಗಿಸಲಿಲ್ಲ. ಕಾರಣ, ನಮ್ಮ ಪಕ್ಕದ ಮನೆಯವರ ಪೆಟ್ರೋಲ್ ಕಾರು. ತೊಳೆದು ಸ್ಟಾರ್ಟ್ ಮಾಡಿದರೆ ಗಡಗಡ ನಡುಕ, ಚೆಕ್ ಎಂಜಿನ್ ಲೈಟ್ ಮಿನುಗುತ್ತಿದೆ. ಮೆಕ್ಯಾನಿಕ್ ಬಂದು ಸ್ಕ್ಯಾನರ್ ಹಾಕಿದರೆ ಪಿ0301 ಅನ್ನುವ ದೋಷದ ಕೋಡ್, ಅಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಾಯಿಲ್ ಎತ್ತಿದರೆ ಸ್ಪಾರ್ಕ್ ಪ್ಲಗ್ ಕೂತಿರುವ ಬಾವಿಯಲ್ಲಿ ನೀರು ನಿಂತಿತ್ತು. ಕಿಡಿ ಪ್ಲಗ್ ತುದಿಗೆ ಹೋಗುವ ಬದಲು ಒದ್ದೆಯ ದಾರಿ ಹಿಡಿದು ಪಕ್ಕದ ಲೋಹಕ್ಕೆ ಹಾರುತ್ತದೆ. ಆ ಸ್ಥಿತಿಯಲ್ಲಿ ಓಡಿಸುತ್ತಾ ಹೋದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ, ಆ ದುಬಾರಿ ಭಾಗ ಸುಟ್ಟುಹೋಗುತ್ತದೆ. ಲೈಟ್ ಮಿನುಗಿದರೆ ಆಫ್ ಮಾಡಿ, ಬಾವಿ ಒಣಗಿಸುವವರೆಗೆ ಮತ್ತೆ ಸ್ಟಾರ್ಟ್ ಬೇಡ.

ರೇಡಿಯೇಟರ್, ಎಸಿ ಕಂಡೆನ್ಸರ್‌ನ ತೆಳು ರೆಕ್ಕೆಗಳೂ ಜೆಟ್‌ಗೆ ಬಾಗುತ್ತವೆ. ಅಲ್ಲಿಗೆ ಸಾಮಾನ್ಯ ಪೈಪ್ ನೀರೇ ಸರಿ.

ಸ್ಟೀಮ್

ಸ್ನೇಹಿತರೊಬ್ಬರ ಮನೆಯ ಸ್ಟೀಮ್ ಕ್ಲೀನರ್ ತಂದು ನೋಡಿದೆ. ಜಿಡ್ಡು ಚೆನ್ನಾಗಿ ಮೆತ್ತಗಾಗುತ್ತದೆ, ನೀರು ತುಂಬ ಕಡಿಮೆ. ಆದರೆ ಮನೆಯ ಯಂತ್ರದ ಟ್ಯಾಂಕ್ ಚಿಕ್ಕದು, ಪದೇ ಪದೇ ನಿಲ್ಲಿಸಿ ತುಂಬಬೇಕು. ಬಾನೆಟ್ ಒಳಗಿನ ಎಚ್ಚರಿಕೆ ಸ್ಟಿಕರ್‌ಗಳು ಬಿಸಿಗೆ ಏಳುತ್ತವೆ. ಹೋಸ್ ಸಂದಿಯಲ್ಲಿ ಕೈ ಸುಟ್ಟುಕೊಳ್ಳುವುದೂ ಸುಲಭ. ಯಂತ್ರ ಮನೆಯಲ್ಲೇ ಇದ್ದರೆ ಬಳಸಿ, ಇದಕ್ಕೇ ಅಂತ ಕೊಳ್ಳಬೇಡಿ.

ಡೀಸೆಲ್ ವಾಶ್

ನಮ್ಮೂರುಗಳ ವಾಟರ್ ಸರ್ವಿಸ್‌ನಲ್ಲಿ ಇದು ಇನ್ನೂ ನಡೆಯುತ್ತಿದೆ. ಡೀಸೆಲ್ ಅಥವಾ ಸೀಮೆಎಣ್ಣೆಯನ್ನು ಗಾಳಿ ಗನ್‌ನಲ್ಲಿ ಮಂಜಿನ ಹಾಗೆ ಹೊಡೆದು ಆಮೇಲೆ ನೀರು. ಭಾವ ಜೀಪಿಗೆ ಒಂದು ಕಡೆ ಮಾಡಿಸಿದ್ದರು. ಮನೆಗೆ ಬಂದಾಗ ಕನ್ನಡಿ ಥರ ಹೊಳೆಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಜಾಸ್ತಿ ಧೂಳು. ಉಳಿದ ಡೀಸೆಲ್ ಪದರವೇ ಧೂಳಿಗೆ ಅಂಟು. ಎಸಿ ಹಾಕಿದರೆ ಒಳಗೆಲ್ಲ ಡೀಸೆಲ್ ವಾಸನೆ.

ನೋಟದ ಮಾತು ಬಿಡಿ, ಅಪಾಯ ಬೇರೆ ಇದೆ. ಕೂಲೆಂಟ್ ಹೋಸ್‌ಗಳಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಡೀಸೆಲ್‌ಗೆ ಕಿಡಿಯೂ ಬೇಕಿಲ್ಲ, 200 ಡಿಗ್ರಿಗಿಂತ ಸ್ವಲ್ಪ ಮೇಲೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಅದರ ಮಂಜು ಬಿದ್ದರೆ ಏನಾಗಬಹುದು, ನೀವೇ ಯೋಚಿಸಿ. ಕೊನೆಗೆ ಆ ಎಣ್ಣೆ ನೀರು ಹೋಗುವುದು ಚರಂಡಿಗೆ, ಅಲ್ಲಿಂದ ಕೆರೆಗೋ ಹಳ್ಳಕ್ಕೋ. ಪೆಟ್ರೋಲ್ ಹಾಕಿ ಉಜ್ಜುವವರನ್ನೂ ನೋಡಿದ್ದೇನೆ. ಅದರ ಆವಿ ಕಿಡಿ ತಾಗಿದರೆ ಮೈನಸ್ 40 ಡಿಗ್ರಿಯಲ್ಲೂ ಹೊತ್ತಿಕೊಳ್ಳುವಂಥದ್ದು. ಅದರ ಬಗ್ಗೆ ಹೋಲಿಕೆ ಮಾಡುವುದೇ ಬೇಡ.

ತೊಳೆದ ಮೇಲೆ

ಬ್ಲೋವರ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ, ಸಂದಿಗಳ ನೀರು ಹೊರಹಾಕಲು. ಬಾನೆಟ್ ತೆರೆದು ಒಂದೆರಡು ಗಂಟೆ ಬಿಡಿ. ಕವರ್ ತೆಗೆದು, ಬ್ಯಾಟರಿ ಜೋಡಿಸಿ, ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ. ಇದನ್ನು ಬಯಲಿನಲ್ಲಿ ಮಾಡಿ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಕುತ್ತು.

ಹೊಳಪು ಬೇಕಾದವರು ನೀರಿನ ಆಧಾರದ ಡ್ರೆಸಿಂಗ್ ತಗೊಂಡು ಬಟ್ಟೆಗೆ ಹಾಕಿ ಪ್ಲಾಸ್ಟಿಕ್‌ಗೆ, ಹೋಸ್‌ಗೆ ಸವರಿ. ಸ್ಪ್ರೇ ಮಾಡಿದರೆ ಬೆಲ್ಟ್ ಮೇಲೆ ಬಿದ್ದು ಜಾರುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರೆಂದು ಕೂಗುತ್ತದೆ. ಜಿಗುಟಾದ ಸಿಲಿಕೋನ್ ಸ್ಪ್ರೇ ಧೂಳಿನ ಊರಿಗೆ ಸುಮ್ನೆ ದಂಡ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರಿಗೆ ಇದರಲ್ಲಿ ಒಣ ಬಟ್ಟೆ ಮಾತ್ರ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್. ಅಲ್ಲಿಂದಾಚೆಗಿನ ಕೆಲಸ ಸರ್ವಿಸ್ ಸೆಂಟರಿನದ್ದು.